ಒಂದೇ ದಿನದ ಲಸಿಕೆ, ಎರಡು ಸಲ ಜ್ವರ ಯಾಕೆ?

ಪ್ರಶ್ನೆ: ಡಾಕ್ಟ್ರೇ, ನನ್ನ ಮಗಳಿಗೆ ಹದಿನೇಳು ತಿಂಗಳು. ತೂಕ 9 ಕೆಜಿ 400 ಗ್ರಾಂ. ಒಂಬತ್ತನೇ ತಿಂಗಳಲ್ಲಿ ನಾವು ಊರಲ್ಲಿ ಇರಲಿಲ್ಲ, ಹಾಗಾಗಿ ಎಂಆರ್ ಲಸಿಕೆ ತಪ್ಪಿಹೋಗಿತ್ತು. ಹೋದ ಗುರುವಾರ ಅಲ್ಲ, ಅದರ ಹಿಂದಿನ ಗುರುವಾರ ಅಂಗನವಾಡಿಯಲ್ಲಿ ಡಿಪಿಟಿ ಬೂಸ್ಟರ್ ಮತ್ತು ಎಂಆರ್ ಎರಡನ್ನೂ ಒಟ್ಟಿಗೆ ಕೊಟ್ಟರು. ಸಂಜೆ ಹೊತ್ತಿಗೆ 102 ಡಿಗ್ರಿ ಜ್ವರ. ಎಡತೊಡೆ ಊದಿಕೊಂಡು ಕಾಲು ನೆಲಕ್ಕೆ ಊರಲೇ ಇಲ್ಲ. ಮನೆಯಲ್ಲಿದ್ದ ಪ್ಯಾರಾಸಿಟಮಾಲ್ ಡ್ರಾಪ್ಸ್ ಅರ್ಧ ಮುಚ್ಚಳದಂತೆ ಮೂರು ಸಲ ಕೊಟ್ಟೆ. ಶನಿವಾರ ಎಂದಿನಂತೆ ಆಡಿದಳು. ಈಗ ಒಂಬತ್ತನೇ ದಿನಕ್ಕೆ ಮತ್ತೆ ಜ್ವರ, ಕತ್ತು ಮತ್ತು ಎದೆ ಮೇಲೆ ಸಣ್ಣ ಕೆಂಪು ದದ್ದು. ನಮ್ಮತ್ತೆ 'ಅಮ್ಮ ಬಂದಿದ್ದಾಳೆ' ಅಂತ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ್ದಾರೆ. ನಾದಿನಿ ಐದು ತಿಂಗಳ ಗರ್ಭಿಣಿ, ಇಲ್ಲೇ ಇದ್ದಾಳೆ. ಅವಳಿಗೆ ಅಂಟುತ್ತಾ? ಎರಡೂ ಒಟ್ಟಿಗೆ ಕೊಟ್ಟಿದ್ದು ತಪ್ಪಾ? ಪ್ರೈವೇಟ್‌ನಲ್ಲಿ ನೋವಿಲ್ಲದ ಇಂಜೆಕ್ಷನ್ ಹಾಕಿಸಬೇಕಿತ್ತಾ? ಮುಂದಿನದು ಹಾಕಿಸಲೇಬೇಕಾ?

ಉತ್ತರ: ನಿಮ್ಮ ಪತ್ರ ಬಂದ ದಿನವೇ ನಾಲ್ಕು ಸಾಲಿನ ಉತ್ತರ ಕಳಿಸಿದ್ದೆ. ಮಗು ಎರಡು ದಿನದಲ್ಲಿ ಹುಷಾರಾದಳು ಅಂತ ನೀವು ತಿಳಿಸಿದ್ದೂ ಆಯಿತು. ಆದರೂ ಇಲ್ಲಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ನಮ್ಮ ಕಡೆ ಲಸಿಕೆ ಹಾಕುವುದು ಗುರುವಾರ ಅಲ್ವಾ? ಹಾಗಾಗಿ ಶುಕ್ರವಾರ ಬೆಳಿಗ್ಗೆ ನನ್ನ ಓಪಿಡಿ ತುಂಬ ಅಳುವ ಮಕ್ಕಳು, ನಿದ್ದೆಗೆಟ್ಟ ಅಮ್ಮಂದಿರು, ಅವರ ಹಿಂದೆ ಕೋಪ ಮಾಡಿಕೊಂಡ ಅಜ್ಜಿಯಂದಿರು. ಎಲ್ಲರ ಬಾಯಲ್ಲೂ ನಿಮ್ಮದೇ ಪ್ರಶ್ನೆಗಳು.

ಮೊದಲು ನೀವು ಕೇಳದೇ ಇರುವ ವಿಷಯ ಹೇಳುತ್ತೇನೆ. ಇಡೀ ಪತ್ರದಲ್ಲಿ ನನಗೆ ಭಯ ಹುಟ್ಟಿಸಿದ್ದು 102 ಡಿಗ್ರಿ ಜ್ವರವೂ ಅಲ್ಲ, ದದ್ದೂ ಅಲ್ಲ. ಆ ಅರ್ಧ ಮುಚ್ಚಳ.

ಪ್ಯಾರಾಸಿಟಮಾಲ್ ಮಕ್ಕಳಿಗೆ ಮೂರು ಬಗೆಯಲ್ಲಿ ಸಿಗುತ್ತದೆ. ಡ್ರಾಪ್ಸ್, ಮಾಮೂಲಿ ಸಿರಪ್, ಸ್ಟ್ರಾಂಗ್ ಸಿರಪ್. ಮಾಮೂಲಿ ಸಿರಪ್‌ನ 5 ಎಂಎಲ್‌ನಲ್ಲಿ 120 ಅಥವಾ 125 ಮಿಲಿಗ್ರಾಂ ಔಷಧಿ ಇರುತ್ತದೆ. ಸ್ಟ್ರಾಂಗ್‌ನಲ್ಲಿ ಅದೇ 5 ಎಂಎಲ್‌ಗೆ 250. ಡ್ರಾಪ್ಸ್‌ನಲ್ಲೋ, ಬರೀ 1 ಎಂಎಲ್‌ಗೇ 100 ಮಿಲಿಗ್ರಾಂ! ಬಾಟಲಿ ಚಿಕ್ಕದು, 'ಹನಿ' ಅನ್ನುವ ಹೆಸರು ಬೇರೆ. ನೋಡಿದವರಿಗೆ ಇದು ಸಪ್ಪೆ ಔಷಧಿ ಅನ್ನಿಸುತ್ತದೆ. ನಿಜಕ್ಕೂ ಮೂರರಲ್ಲಿ ಇದೇ ಖಾರ. ಹಾಲು ಕುಡಿಯುವ ಕೂಸಿಗೆ ಹೆಚ್ಚು ದ್ರವ ಕುಡಿಸಲು ಆಗುವುದಿಲ್ಲ ಅಂತ ಹಾಗೆ ಗಟ್ಟಿ ಮಾಡಿರುತ್ತಾರೆ. ಅದಕ್ಕೇ ಬಾಟಲಿ ಜೊತೆ ಗುರುತು ಹಾಕಿದ ಡ್ರಾಪರ್ ಕೊಡುವುದು.

ಮಗುವಿನ ಒಂದು ಕೆಜಿ ತೂಕಕ್ಕೆ 10ರಿಂದ 15 ಮಿಲಿಗ್ರಾಂ ಒಂದು ಸಲದ ಲೆಕ್ಕ. ನಿಮ್ಮ ಮಗಳಿಗೆ 95ರಿಂದ 140 ಮಿಲಿಗ್ರಾಂ. ಅಂದರೆ ಡ್ರಾಪ್ಸ್ ಆದರೆ ಸುಮಾರು 1 ಎಂಎಲ್, ಮಾಮೂಲಿ ಸಿರಪ್ ಆದರೆ 5 ಎಂಎಲ್. ನಿಮ್ಮ ಮುಚ್ಚಳ 5 ಎಂಎಲ್‌ನದು ಅಂತ ನೀವು ಕಳಿಸಿದ ಫೋಟೋದಲ್ಲಿ ಕಂಡಿತು. ಅರ್ಧ ಅಂದರೆ ಎರಡೂವರೆ ಎಂಎಲ್, ಅಂದರೆ 250 ಮಿಲಿಗ್ರಾಂ. ಬೇಕಾದ್ದಕ್ಕಿಂತ ಹೆಚ್ಚುಕಮ್ಮಿ ಎರಡು ಪಟ್ಟು. ಮೂರು ಸಲಕ್ಕೆ ನಿಲ್ಲಿಸಿದಿರಿ, ಏನೂ ಆಗಲಿಲ್ಲ. ಇದೇ ಅಳತೆಯಲ್ಲಿ ನಾಲ್ಕು ಗಂಟೆಗೊಮ್ಮೆ ಎರಡು ಮೂರು ದಿನ ಕೊಟ್ಟಿದ್ದರೆ ಲಿವರ್‌ಗೆ ಪೆಟ್ಟು ಬೀಳುತ್ತಿತ್ತು. ಬೈಯುತ್ತಿಲ್ಲ ತಾಯಿ. ಡ್ರಾಪರ್ ಕಳೆದುಹೋಗಿತ್ತು ಅಂತ ನೀವು ಹೇಳಿದ್ದೀರಿ, ಅದು ಎಲ್ಲರ ಮನೆಯಲ್ಲೂ ಕಳೆದುಹೋಗುತ್ತದೆ. ಮೆಡಿಕಲ್ ಶಾಪಿನಲ್ಲಿ ಸೂಜಿ ಇಲ್ಲದ 2 ಎಂಎಲ್ ಸಿರಿಂಜ್ ಕೇಳಿ, ಕೆಲವೇ ರೂಪಾಯಿ. ಅದರಲ್ಲಿ ಅಳೆದು ಕೆನ್ನೆಯ ಒಳಮೈಗೆ ನಿಧಾನಕ್ಕೆ ಬಿಡಿ. ಎರಡು ಡೋಸ್ ನಡುವೆ ಆರು ಗಂಟೆ ಅಂತರ ಇಟ್ಟುಕೊಳ್ಳಿ, ದಿನಕ್ಕೆ ನಾಲ್ಕಕ್ಕಿಂತ ಜಾಸ್ತಿ ಬೇಡ. ಕೊಟ್ಟ ಹೊತ್ತನ್ನು ಕ್ಯಾಲೆಂಡರ್ ಮೇಲೆ ಬರೆದಿಡಿ. ರಾತ್ರಿ ಎರಡು ಗಂಟೆಗೆ 'ನಾನು ಕೊಟ್ನಾ, ನೀವು ಕೊಟ್ರಾ' ಅನ್ನುವ ಜಗಳ ತಪ್ಪುತ್ತದೆ.

ಸರಿ, ಈಗ ನಿಮ್ಮ ಪ್ರಶ್ನೆಗೆ ಬರೋಣ.

ಲಸಿಕೆ ನಂತರದ ಜ್ವರದಲ್ಲಿ ಎಷ್ಟು ಡಿಗ್ರಿ ಅನ್ನುವುದಕ್ಕಿಂತ ಮೊದಲು ನಾನು ಕೇಳುವುದು 'ಎಷ್ಟನೇ ದಿನ?' ಅಂತ. ಮೆಣಸಿನಕಾಯಿ ಕಚ್ಚಿದರೆ ಆಗಲೇ ಉರಿ. ಹಾಲಿಗೆ ಹೆಪ್ಪು ಹಾಕಿದರೆ ಬೆಳಗಿನ ತನಕ ಕಾಯಬೇಕು. ನಿಮ್ಮ ಮಗಳಿಗೆ ಬಲತೋಳಿಗೆ ಹಾಕಿದ್ದು ಹೆಪ್ಪು, ಎಡತೊಡೆಗೆ ಹಾಕಿದ್ದು ಮೆಣಸಿನಕಾಯಿ.

ತೊಡೆಗೆ ಕೊಟ್ಟದ್ದು ಡಿಪಿಟಿ. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಈ ಮೂರಕ್ಕೂ ಸೇರಿದ ಲಸಿಕೆ. ಸರ್ಕಾರಿ ಲಸಿಕೆಯಲ್ಲಿ ನಾಯಿಕೆಮ್ಮಿನ ರೋಗಾಣುವನ್ನು ಕೊಂದು ಇಡಿಯಾಗಿ ಹಾಕಿರುತ್ತಾರೆ. ಸತ್ತ ರೋಗಾಣು ಮೈಯಲ್ಲಿ ಬೆಳೆಯುವುದಿಲ್ಲ, ಕಾಯಿಲೆ ತರುವುದಿಲ್ಲ. ಆದರೆ ಅದನ್ನು ಕಂಡ ತಕ್ಷಣ ಮೈಯ ಕಾವಲುಗಾರರು ಗದ್ದಲ ಎಬ್ಬಿಸುತ್ತಾರೆ. ಆ ಗದ್ದಲವೇ ಜ್ವರ, ಊತ, ನೋವು, ರಂಪ. ಈ ಲಸಿಕೆ ಪಡೆದ ಹೆಚ್ಚುಕಮ್ಮಿ ಅರ್ಧದಷ್ಟು ಮಕ್ಕಳಿಗೆ ಜ್ವರ ಬರುತ್ತದೆ. ಅದೇ ದಿನ ಸಂಜೆಯೋ ರಾತ್ರಿಯೋ ಶುರುವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ಗುರುವಾರ ಸಂಜೆ ಏರಿ ಶನಿವಾರ ಇಳಿದ ನಿಮ್ಮ ಮಗಳ ಜ್ವರ ಥೇಟ್ ಇದೇ. ಬೂಸ್ಟರ್ ಹೊತ್ತಿಗೆ ಮೈಗೆ ಹಳೆಯ ಪರಿಚಯ ಇರುವುದರಿಂದ ತೊಡೆ ಊತ ಒಂದು ಕೈ ಜಾಸ್ತಿಯೇ. ಕುಂಟುವುದು, ಕಾಲು ಊರದೇ ಎತ್ತಿಕೋ ಅನ್ನುವುದು ಎರಡು ದಿನ ಇದ್ದರೆ ಗಾಬರಿ ಬೇಡ. ಊತ ಇಳಿದ ಮೇಲೂ ಚರ್ಮದ ಕೆಳಗೆ ಅವರೆಕಾಳಿನಷ್ಟು ಗಂಟು ಕೆಲವು ವಾರ ಉಳಿಯಬಹುದು. ಮುಟ್ಟಿದರೆ ನೋವಿಲ್ಲದಿದ್ದರೆ ಸುಮ್ನೆ ಬಿಟ್ಟುಬಿಡಿ. ಮೂರನೇ ದಿನದ ಮೇಲೆ ಊತ ಇಳಿಯುವ ಬದಲು ಏರುತ್ತಿದ್ದರೆ, ಕೆಂಪು ಹರಡಿದರೆ, ಕೀವು ಕಂಡರೆ ತೋರಿಸಿ.

ತಣ್ಣೀರಲ್ಲಿ ಹಿಂಡಿದ ಬಟ್ಟೆಯನ್ನು ತೊಡೆ ಮೇಲೆ ಇಟ್ಟರೆ ಸಾಕು. ಕಾವು ಕೊಡಬೇಡಿ, ಉಜ್ಜಬೇಡಿ, ಅರಿಶಿನ, ಸುಣ್ಣ, ಕಾಫಿಪುಡಿ ಮೆತ್ತಬೇಡಿ.

ಈಗ ಬಲತೋಳು. ಎಂಆರ್ ಅಂದರೆ ದಡಾರ ಮತ್ತು ರುಬೆಲ್ಲಾ. ಇದು ಜೀವ ಇರುವ ಲಸಿಕೆ. ಶಕ್ತಿ ಕುಂದಿಸಿದ ವೈರಸ್ ಮೈಯೊಳಗೆ ಹೋಗಿ ಸ್ವಲ್ಪ ಬೆಳೆದು, ಆಮೇಲೆ ಮೈ ಅದನ್ನು ಗುರುತಿಸಬೇಕು. ಅದಕ್ಕೆ ವಾರ ಹತ್ತು ದಿನ ಹಿಡಿಯುತ್ತದೆ. ಹಾಗಾಗಿ ಏಳನೇ ದಿನದಿಂದ ಹನ್ನೆರಡನೇ ದಿನದ ಒಳಗೆ ನೂರರಲ್ಲಿ ಐದರಿಂದ ಹದಿನೈದು ಮಕ್ಕಳಿಗೆ ಜ್ವರ ಬರುತ್ತದೆ, ಕೆಲವರಿಗೆ ತೆಳುವಾಗಿ ದದ್ದೂ ಏಳುತ್ತದೆ. ನಿಮಗೆ ಒಂಬತ್ತನೇ ದಿನ! ಅಷ್ಟು ಹೊತ್ತಿಗೆ ತೊಡೆಯ ನೋವು ಮರೆತಿರುತ್ತದೆ, ಲಸಿಕೆ ಹಾಕಿಸಿದ್ದೇ ಮರೆತಿರುತ್ತದೆ. ಅದಕ್ಕೇ ಈ ಎರಡನೇ ಜ್ವರ ಮನೆಯವರನ್ನು ಜಾಸ್ತಿ ಹೆದರಿಸುವುದು. ಎರಡನೇ ಡೋಸಿಗೆ ಹೀಗಾಗುವುದು ಕಡಿಮೆ, ಯಾಕೆಂದರೆ ಬಹುಪಾಲು ಮಕ್ಕಳಿಗೆ ಮೊದಲನೆಯದರಲ್ಲೇ ರಕ್ಷಣೆ ಬಂದಿರುತ್ತದೆ.

ಬೇವಿನ ಸೊಪ್ಪು ಬಾಗಿಲಲ್ಲಿ ಇರಲಿ, ಅದರಿಂದ ಮಗುವಿಗೆ ತೊಂದರೆ ಇಲ್ಲ. ಅತ್ತೆಯವರ ಹತ್ತಿರ ಅದಕ್ಕೆ ವಾದ ಬೇಡ. ಆದರೆ 'ಅಮ್ಮ ಬಂದಾಗ ಔಷಧಿ ಕೊಡಬಾರದು' ಅಂದರೆ ಮಾತ್ರ ಒಪ್ಪಬೇಡಿ. ನಾದಿನಿಯವರಿಗೂ ಭಯವಿಲ್ಲ. ಗರ್ಭಿಣಿಗೆ ಎಂಆರ್ ಲಸಿಕೆ ಕೊಡುವುದಿಲ್ಲ ನಿಜ, ಆದರೆ ಲಸಿಕೆ ಪಡೆದ ಮಗುವಿನಿಂದ ಆ ವೈರಸ್ ಮನೆಯವರಿಗೆ ದಾಟುವುದಿಲ್ಲ. ಎತ್ತಿಕೊಳ್ಳಲಿ, ಮುದ್ದಾಡಲಿ. ಹಾಗೆ ನೋಡಿದರೆ ಮನೆಯ ಮಗು ಈ ಲಸಿಕೆ ಪಡೆಯುವುದು ಗರ್ಭಿಣಿಗೇ ಒಳ್ಳೆಯದು. ಗರ್ಭದಲ್ಲಿರುವ ಕೂಸಿನ ಕಣ್ಣು, ಕಿವಿ, ಹೃದಯವನ್ನು ಕೆಡಿಸುವುದು ನಿಜವಾದ ರುಬೆಲ್ಲಾ.

ಒಂದು ಎಚ್ಚರ. ದದ್ದಿನ ಜೊತೆ ಕಣ್ಣು ಕೆಂಪಾಗಿ ನೀರು ಸುರಿಯುವುದು, ಜೋರು ನೆಗಡಿ, ಕೆಮ್ಮು ಇದ್ದರೆ, ಅದರಲ್ಲೂ ಓಣಿಯಲ್ಲಿ ಬೇರೆ ಮಕ್ಕಳಿಗೂ ದದ್ದು ಇದ್ದರೆ, ಅದು ನಿಜವಾದ ದಡಾರವೇ ಇರಬಹುದು. ಮಳೆಗಾಲದಲ್ಲಿ ಡೆಂಗಿಯೂ ಹೀಗೇ ವೇಷ ಹಾಕಿಕೊಂಡು ಬರುತ್ತದೆ. ಅದನ್ನು ಕಣ್ಣಾರೆ ನೋಡದೆ ಯಾರೂ ಹೇಳಲಾರರು. ಅದಕ್ಕೇ ನಿಮ್ಮನ್ನು ಅವತ್ತು ಒಮ್ಮೆ ಹತ್ತಿರದ ಆಸ್ಪತ್ರೆಯಲ್ಲಿ ತೋರಿಸಿ ಅಂದಿದ್ದು.

ಈ ದಿನದ ಲೆಕ್ಕ ನನ್ನ ತಲೆಯಲ್ಲಿ ಕೂತಿದ್ದು ಒಂದು ತಪ್ಪಿನಿಂದ. ನಾನು ಆಗಿನ್ನೂ ಹೊಸಬ. ಮೂರೂವರೆ ತಿಂಗಳ ಗಂಡು ಕೂಸು, ಪೆಂಟಾ ಲಸಿಕೆ (ಡಿಪಿಟಿಯೂ ಸೇರಿದ, ಐದು ರೋಗಗಳ ಲಸಿಕೆ) ಆಗಿ ನಾಲ್ಕನೇ ದಿನ ಜ್ವರ ಅಂತ ಬಂದರು. 'ಲಸಿಕೆ ಜ್ವರ, ಇಳಿಯುತ್ತೆ' ಅಂತ ಸಿರಪ್ ಬರೆದು ಕಳಿಸಿದೆ. ಎರಡು ದಿನ ಬಿಟ್ಟು ಮತ್ತೆ ಬಂದಾಗ ಕೂಸು ಹಾಲು ಕಚ್ಚುತ್ತಿರಲಿಲ್ಲ, ಮೈ ಸೋತು ಅಮ್ಮನ ತೋಳಿನಲ್ಲಿ ಒದ್ದೆ ಬಟ್ಟೆ ಥರ ಜೋತು ಬಿದ್ದಿತ್ತು. ಮೂತ್ರ ಪರೀಕ್ಷೆ ಮಾಡಿಸಿದರೆ ಸೋಂಕು. ಹತ್ತು ದಿನ ಆಸ್ಪತ್ರೆಯಲ್ಲಿಟ್ಟು ಉಳಿಸಿಕೊಂಡೆವು. ಪೆಂಟಾ ಜ್ವರ ಬರುವುದಿದ್ದರೆ ಮೊದಲ ಎರಡು ದಿನದಲ್ಲಿ ಬರಬೇಕಿತ್ತು. ನಾಲ್ಕನೇ ದಿನ ಹೊಸದಾಗಿ ಬಂದ ಜ್ವರಕ್ಕೂ ಆ ಸೂಜಿಗೂ ಸಂಬಂಧವೇ ಇರಲಿಲ್ಲ. ಈ ವಯಸ್ಸಿನ ಮಕ್ಕಳಿಗೆ ತಿಂಗಳು ತಿಂಗಳಿಗೂ ಏನಾದರೊಂದು ಜ್ವರ ಬರುತ್ತಲೇ ಇರುತ್ತದೆ, ಅದೇ ವಯಸ್ಸಿನಲ್ಲೇ ನಾವು ಲಸಿಕೆಯನ್ನೂ ಹಾಕುತ್ತೇವೆ. ಹಾಗಾಗಿ ಎಲ್ಲವನ್ನೂ ಸೂಜಿ ಮೇಲೆ ಹೊರಿಸಿ ಕಾಯುತ್ತಾ ಕೂರುವುದೇ ನಾನು ಕಂಡ ದೊಡ್ಡ ಅಪಾಯ. ಪೆಂಟಾ, ಡಿಪಿಟಿ ಆದ ಮೇಲೆ ಎರಡು ದಿನ ದಾಟಿದ ಜ್ವರ, ಅಥವಾ ಬಿಟ್ಟು ಮತ್ತೆ ಬಂದ ಜ್ವರ ಡಾಕ್ಟರ್ ಕಣ್ಣಿಗೆ ಬೀಳಲಿ. ಮೂರು ತಿಂಗಳೂ ತುಂಬದ ಕೂಸಿಗೆ 100.4 ಡಿಗ್ರಿ ದಾಟಿದರೆ ಲಸಿಕೆ ಹಾಕಿದ ದಿನವೇ ಆಗಿರಲಿ, ಒಮ್ಮೆ ತೋರಿಸಿಬಿಡಿ.

ಇನ್ನು ಮಗುವಿನ ಮುಖ ನೋಡಿ. ಔಷಧಿ ಕೊಟ್ಟು ಗಂಟೆ ಆದ ಮೇಲೆ ಸ್ವಲ್ಪವಾದರೂ ಗೆಲುವಾಗುತ್ತಾಳಾ? ಹಾಲು ಕುಡಿಯುತ್ತಾಳಾ? ಉಚ್ಚೆ ಹೋಗುತ್ತಿದ್ದಾಳಾ? ಹಾಗಿದ್ದರೆ 102 ಇದ್ದರೂ ಮನೆಯಲ್ಲೇ ನೋಡಿಕೊಳ್ಳಬಹುದು. 100 ಇದ್ದು ಮಂಕಾಗಿ ಬಿದ್ದಿದ್ದರೆ ಹೊರಡಿ. ಮೂರು ಗಂಟೆಗೂ ಮೀರಿ ಬಿಡದೇ ಕಿರುಚಿ ಅತ್ತರೆ, ಮೈ ಬಿಳಿಚಿ ಕೈಕಾಲು ಜೋಲಿದರೆ, ಉಸಿರಾಟ ಕಷ್ಟವಾದರೆ, ಮುಖ ತುಟಿ ಊದಿದರೆ, ರಾತ್ರಿ ಎಷ್ಟು ಹೊತ್ತೇ ಆಗಲಿ ಆಸ್ಪತ್ರೆಗೆ ನಡೆಯಿರಿ. ಕೊನೆಯ ಎರಡು ತೀವ್ರ ಅಲರ್ಜಿಯ ಲಕ್ಷಣ. ಹತ್ತು ಲಕ್ಷ ಡೋಸಿಗೆ ಒಂದರಷ್ಟು ಅಪರೂಪ, ಬಂದರೆ ಬಹುತೇಕ ನಿಮಿಷಗಳ ಒಳಗೇ ಬರುತ್ತದೆ. ಲಸಿಕೆ ಹಾಕಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸುವುದು ಇದಕ್ಕೇ. ಬಸ್ಸು ಹೋಗುತ್ತೆ ಅಂತ ಓಡಬೇಡಿ.

ಜ್ವರಕ್ಕೆ ಕೆಲವು ಮಕ್ಕಳಿಗೆ ಫಿಟ್ಸ್ ಬರುವುದುಂಟು. ಎಂಆರ್ ನಂತರ ಇದು ಮೂರು ನಾಲ್ಕು ಸಾವಿರ ಡೋಸಿಗೆ ಒಂದು. ನೋಡಲು ಎದೆ ಒಡೆಯುತ್ತದೆ, ಆದರೆ ಇಂಥ ಫಿಟ್ಸ್ ಮಿದುಳಿಗೆ ಹಾನಿ ಮಾಡುವುದಿಲ್ಲ. ಮಗುವನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಗಡಿಯಾರ ನೋಡಿ. ಬಾಯಿಗೆ ಚಮಚ, ಬೆರಳು, ನೀರು ಏನೂ ಬೇಡ. ಕೈಗೆ ಕಬ್ಬಿಣವೂ ಬೇಡ. ಐದು ನಿಮಿಷ ದಾಟಿದರೆ 108. ಬೇಗ ನಿಂತರೂ ಅವತ್ತೇ ತೋರಿಸಿ.

ಇನ್ನೊಂದು ಮಾತನ್ನು ಮುಚ್ಚಿಡಬಾರದು. 2022ರ ಜನವರಿಯಲ್ಲಿ ಬೆಳಗಾವಿ ಜಿಲ್ಲೆಯಲ್ಲಿ ಎಂಆರ್ ಲಸಿಕೆ ಪಡೆದ ಮೂರು ಕೂಸುಗಳು ತೀರಿಕೊಂಡವು. ಲಸಿಕೆಯನ್ನು ಇಟ್ಟುಕೊಂಡ, ಬಳಸಿದ ರೀತಿಯಲ್ಲಿ ಲೋಪ ಆಗಿತ್ತು ಅಂತ ಆಗ ವರದಿಯಾಗಿತ್ತು. ಎಂಆರ್ ಪುಡಿ ರೂಪದಲ್ಲಿ ಬರುತ್ತದೆ, ನೀರು ಬೆರೆಸಿದ ಮೇಲೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದು ಎಸೆಯಬೇಕು. ಇಟ್ಟುಕೊಂಡರೆ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆದು ವಿಷವಾಗುತ್ತದೆ. ಹಾಗಾಗಿ ಎಂಆರ್ ಆದ ಕೆಲವೇ ಗಂಟೆಗಳಲ್ಲಿ, ಅಥವಾ ಮರುದಿನದೊಳಗೆ, ಜೋರು ಜ್ವರದ ಜೊತೆ ವಾಂತಿ, ನೀರಿನಂತೆ ಭೇದಿ ಶುರುವಾದರೆ ಅದನ್ನು ಮಾಮೂಲಿ ಲಸಿಕೆ ಜ್ವರ ಅಂದುಕೊಳ್ಳಬೇಡಿ, ತಕ್ಷಣ ದೊಡ್ಡಾಸ್ಪತ್ರೆಗೆ ಹೋಗಿ. ಬಾಟಲಿ ತೆರೆದ ಹೊತ್ತನ್ನು ಅದರ ಮೇಲೇ ಬರೆದಿರಬೇಕು ಅನ್ನುವುದು ನಿಯಮ. 'ಎಷ್ಟು ಹೊತ್ತಿಗೆ ತೆರೆದಿರಿ ಸಿಸ್ಟರ್?' ಅಂತ ಕೇಳಿ. ನಮ್ಮ ಬಹುಪಾಲು ಸಿಸ್ಟರ್‌ಗಳು ಬೇಸರ ಮಾಡಿಕೊಳ್ಳದೆ ಬಾಟಲಿ ತಿರುಗಿಸಿ ತೋರಿಸುತ್ತಾರೆ.

ಎರಡು ಒಟ್ಟಿಗೆ ಕೊಟ್ಟಿದ್ದು ತಪ್ಪಲ್ಲ. ಬೇರೆ ಬೇರೆ ದಿನ ಕೊಟ್ಟಿದ್ದರೂ ಇವೇ ಎರಡು ಜ್ವರ ಬರುತ್ತಿದ್ದವು, ಮಗು ಎರಡು ಸಲ ಅಂಗನವಾಡಿಗೆ ಹೋಗಿ ಅಳಬೇಕಿತ್ತು, ಅಷ್ಟೇ.

'ನೋವಿಲ್ಲದ ಇಂಜೆಕ್ಷನ್' ಅನ್ನುವ ಹೆಸರು ನನಗೆ ಹಿಡಿಸುವುದಿಲ್ಲ. ಸೂಜಿ ಅಂದ ಮೇಲೆ ಚುಚ್ಚಲೇಬೇಕು. ಅದರಲ್ಲಿ ನಾಯಿಕೆಮ್ಮಿನ ರೋಗಾಣು ಇಡಿಯಾಗಿ ಇರುವುದಿಲ್ಲ, ಅದರ ಕೆಲವು ತುಣುಕು ಮಾತ್ರ ಇರುತ್ತವೆ. ಗದ್ದಲ ಕಡಿಮೆ, ಜ್ವರ ಊತ ಕಡಿಮೆ. ಆದರೆ ಅದರ ರಕ್ಷಣೆ ಇಡೀ ರೋಗಾಣುವಿನ ಲಸಿಕೆಯಷ್ಟು ದಿನ ಬಾಳುವುದಿಲ್ಲ. ಸಾವಿರಾರು ರೂಪಾಯಿ ಸುರಿದು ಅಲ್ಪಕಾಲದ್ದನ್ನು ಕೊಳ್ಳುವ ಅಗತ್ಯ ನಿಮ್ಮ ಮಗಳಿಗಂತೂ ಇರಲಿಲ್ಲ. ಹಿಂದಿನ ಡೋಸಿಗೆ ಫಿಟ್ಸ್ ಬಂದ ಅಥವಾ ಕೈಕಾಲು ಜೋಲಿದ ಮಗುವಿಗೆ ಅದನ್ನು ನಾನೇ ಬರೆದುಕೊಡುತ್ತೇನೆ.

ಈ ಜ್ವರಕ್ಕೆ ಹೆದರಿ ನಿಲ್ಲಿಸಿದರೆ ಏನಾಗುತ್ತದೆ ಅನ್ನುವುದನ್ನು ಜಪಾನ್ ಒಮ್ಮೆ ಕಂಡಿದೆ. ಡಿಪಿಟಿ ಪಡೆದ ಇಬ್ಬರು ಮಕ್ಕಳು ತೀರಿಕೊಂಡರು ಅಂತ 1975ರಲ್ಲಿ ಅಲ್ಲಿ ಲಸಿಕೆಯನ್ನು ಕೆಲಕಾಲ ನಿಲ್ಲಿಸಿದರು. ಮತ್ತೆ ಶುರು ಮಾಡಿದರೂ ಜನ ಬರಲಿಲ್ಲ. 1974ರಲ್ಲಿ ಇಡೀ ದೇಶದಲ್ಲಿ ನಾನೂರೂ ತುಂಬದಿದ್ದ ನಾಯಿಕೆಮ್ಮು 1979ರಲ್ಲಿ ಹದಿಮೂರು ಸಾವಿರ ದಾಟಿತು, 41 ಜನ ಸತ್ತರು. ನಿಮ್ಮ ಅತ್ತೆಯವರನ್ನೇ ಕೇಳಿ ನೋಡಿ, ಅವರ ಕಾಲದಲ್ಲಿ ಓಣಿಯಲ್ಲಿ ಯಾರಿಗಾದರೂ ನಾಯಿಕೆಮ್ಮು ಬಂದಿದ್ದು ನೆನಪಿದೆಯಾ ಅಂತ. ಕೆಮ್ಮಿ ಕೆಮ್ಮಿ ಮುಖ ನೀಲಿಯಾಗಿ, ಕೊನೆಗೆ 'ಊಪ್' ಅಂತ ಉಸಿರೆಳೆಯುವ ಸದ್ದು ಒಮ್ಮೆ ಕೇಳಿದವರು ಮರೆಯುವುದಿಲ್ಲ.

ಉಳಿದದ್ದು ಚುಟುಕಾಗಿ. ಜ್ವರ ಬರುವ ಮುಂಚೆಯೇ ಪ್ಯಾರಾಸಿಟಮಾಲ್ ಕೊಟ್ಟು ಕರೆದುಕೊಂಡು ಹೋಗಬೇಡಿ. ಹಾಗೆ ಕೊಟ್ಟ ಮಕ್ಕಳಲ್ಲಿ ಲಸಿಕೆಯ ಫಲ ಸ್ವಲ್ಪ ಕುಗ್ಗಿದ್ದನ್ನು 2009ರ ಚೆಕ್ ದೇಶದ ಅಧ್ಯಯನವೊಂದು ತೋರಿಸಿತು. ಜ್ವರ ಬಂದು ಮಗು ಒದ್ದಾಡುವಾಗ ಕೊಡಿ. ಆಸ್ಪಿರಿನ್ ಬೇಡವೇ ಬೇಡ. ನಿಮೆಸುಲೈಡ್ ಅನ್ನು 12 ವರ್ಷದೊಳಗಿನವರಿಗೆ ಕೊಡಬಾರದು ಅಂತ ಸರ್ಕಾರ 2011ರಲ್ಲೇ ನಿಷೇಧಿಸಿದೆ, ಆದರೂ ದೊಡ್ಡವರ ಮಾತ್ರೆ ಮುರಿದು ಕೊಡುವವರಿದ್ದಾರೆ. ಸ್ವೆಟರು, ಕುಲಾವಿ, ಕಂಬಳಿ ಎಲ್ಲ ತೆಗೆದು ತೆಳು ಹತ್ತಿ ಬಟ್ಟೆ ಹಾಕಿ, ಫ್ಯಾನ್ ಹಾಕಿ. ಐಸ್ ನೀರಲ್ಲಿ ಒರೆಸಬೇಡಿ, ಬೇಕಿದ್ದರೆ ಉಗುರುಬೆಚ್ಚಗಿನ ನೀರು. ಸ್ನಾನ ಮಾಡಿಸಬಹುದು. ಗಂಜಿ, ಎಳನೀರು, ಎದೆಹಾಲು, ಅವಳು ಏನು ಕುಡಿಯುತ್ತಾಳೋ ಅದು. ಆರು ತಿಂಗಳೊಳಗಿನ ಕೂಸಾದರೆ ಎದೆಹಾಲು ಮಾತ್ರ.

ಮುಂದಿನದು ಹಾಕಿಸಲೇಬೇಕಾ ಅಂದಿರಿ. ಹಾಕಿಸಿ. ನಿಮ್ಮ ಮಗಳಿಗೆ ಆದದ್ದರಲ್ಲಿ ಯಾವುದೂ ಮುಂದಿನ ಡೋಸ್ ನಿಲ್ಲಿಸುವಂಥದ್ದಲ್ಲ. ಮೊದಲನೆಯ ಎಂಆರ್ ತಡವಾಗಿದ್ದರಿಂದ ಎರಡನೆಯದು ಕನಿಷ್ಠ ನಾಲ್ಕು ವಾರ ಬಿಟ್ಟು. ಡಿಪಿಟಿ ಇನ್ನು ಐದು ವರ್ಷ ತುಂಬಿದ ಮೇಲೆಯೇ. ಹೋಗುವಾಗ ತಾಯಿ ಕಾರ್ಡ್ ಜೊತೆಗಿರಲಿ, ಈ ಸಲದ ಎರಡೂ ಜ್ವರವನ್ನು ಯಾವ ದಿನ, ಎಷ್ಟು ಡಿಗ್ರಿ ಅಂತ ಅದರ ಹಿಂದೆ ಪೆನ್ಸಿಲ್‌ನಲ್ಲಿ ಬರೆದುಕೊಂಡು ಹೋಗಿ ಸಿಸ್ಟರ್‌ಗೆ ತೋರಿಸಿ. ಮತ್ತೆ ಆ ಡ್ರಾಪ್ಸ್ ಬಾಟಲಿ ಯಾವತ್ತು ತೆರೆದಿದ್ದು ಅಂತ ನೆನಪಿಲ್ಲದಿದ್ದರೆ ಇವತ್ತೇ ಚೆಲ್ಲಿಬಿಡಿ.